ತಳಕಿನ ರಸ್ತೆಯಲ್ಲಿ ಕೇಳಿದ ನಾಲ್ಕು ಸದ್ದು

ದೆವ್ವ, ಭೂತ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗಿಬಿಡುವವಳು. ಬೆಕ್ಕು ಅಡ್ಡ ಬಂತೆಂದು ನಮ್ಮತ್ತೆ ಹೊಲಕ್ಕೆ ಹೋಗದೆ ಕೂತ ದಿನಗಳಲ್ಲಿ, ಅದೇ ಬೆಕ್ಕಿಗೆ ಹಾಲು ಹಾಕಿ ಟ್ರ್ಯಾಕ್ಟರ್ ಹತ್ತಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಇದು ನಡೆದದ್ದು ಕತ್ತಲಲ್ಲೂ ಅಲ್ಲ, ಹಾಳು ಗುಡಿಯಲ್ಲೂ ಅಲ್ಲ. ಹಗಲು ಹನ್ನೊಂದು ಗಂಟೆಗೆ, ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆ ಬರುವ ಹೆದ್ದಾರಿಯಲ್ಲಿ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮೂರು ಮೊಳಕಾಲ್ಮೂರಿನ ಹತ್ತಿರದ ಬ್ರಹ್ಮಗಿರಿ ಬೆಟ್ಟದ ಕಡೆ. ಊರಿನ ಹನ್ನೊಂದು ಹೆಂಗಸರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಸಂಘಕ್ಕೆಂದು ಮಣ್ಣು ಪುಡಿ ಮಾಡುವ ಹಳೆಯದೊಂದು ರೋಟವೇಟರ್, ಒಂಬತ್ತು ಹಲ್ಲಿನ ಬಿತ್ತನೆ ಕೂರಿಗೆ ಕೊಂಡಿದ್ದೆವು. ಎರಡೂ ಚಳ್ಳಕೆರೆಯ ಖಾದರ್ ಸಾಬರ ಗ್ಯಾರೇಜಿನಲ್ಲಿ ರಿಪೇರಿ ಮುಗಿದು ನಿಂತಿದ್ದವು. ಮಳೆ ಬಿದ್ದು ಎರಡು ದಿನವಾಗಿತ್ತು. ಶೇಂಗಾ ಬಿತ್ತಲು ನೆಲದ ಹದ ಇನ್ನು ಮೂರು ದಿನ ನಿಂತರೆ ಹೆಚ್ಚು. ಅಂಥ ಹೊತ್ತಿನಲ್ಲಿ, ತಂದುಕೊಡುತ್ತೇನೆಂದಿದ್ದ ಡ್ರೈವರ್ ಕೈಕೊಟ್ಟ.

ಟ್ರ್ಯಾಕ್ಟರ್ ನಮ್ಮ ಮನೆಯದೇ. ಹೊಲದಲ್ಲಿ ಓಡಿಸಿದ್ದೆ, ಮೊಳಕಾಲ್ಮೂರು ಸಂತೆಗೂ ಹೋಗಿ ಬಂದಿದ್ದೆ. ನಾನೇ ಹೋಗಿ ತರುತ್ತೇನೆ ಅಂದೆ. ಅರಳಿಕಟ್ಟೆಯ ಮೇಲೆ ಕೂತವನೊಬ್ಬ, ನನಗೆ ಕೇಳಲಿ ಅಂತಲೇ, "ತರ್ತಾರೆ ಬಿಡಪ್ಪ, ಅರ್ಧ ತಳಕಿನಾಗೆ ಬೀಳ್ತೈತೆ, ಇನ್ನರ್ಧ ಹಾನಗಲ್ಲಾಗೆ" ಅಂದ. ಎರಡೂ ದಾರಿಯ ಮೇಲಿನ ಊರುಗಳು. ಎಲ್ಲರೂ ನಕ್ಕರು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ನಾದಿನಿ ಓಬಮ್ಮನನ್ನು ಕರೆದುಕೊಂಡು ಬೆಳಗಿನ ಜಾವಕ್ಕೆ ಹೊರಟೆ.

ಖಾದರ್ ಸಾಬರಿಗೆ ಆಗ ಅರವತ್ತು ದಾಟಿತ್ತು. ಊರವರೆಲ್ಲ ಚಾಚಾ ಅನ್ನುತ್ತಿದ್ದರು. ನನ್ನನ್ನು ಕಂಡು, "ಗಂಡಸ್ರು ಬರ್ಲಿಲ್ವಾ?" ಎಂದು ಅವರು ಕೇಳಲಿಲ್ಲ. "ಸರಪಳಿ ತಂದೀಯಾ, ಹಗ್ಗ ತಂದೀಯಾ?" ಎಂದು ಕೇಳಿದರು. ಹಗ್ಗ ಅಂದೆ. ಅದನ್ನು ತೆಗೆದು ಮೂಲೆಗೆ ಎಸೆದು ಒಳಗಿಂದ ನಾಲ್ಕು ಸರಪಳಿ ತಂದರು.

"ನೋಡು ಬೇಟಾ, ಭಾರ ಗಾಲಿ ಮೇಲೆ ಬರ್ಬೇಕು. ತೀರಾ ಹಿಂದಕ್ಕೆ ಇಟ್ರೆ ಟ್ರ್ಯಾಕ್ಟರ್ ಮೂತಿ ಎತ್ತತೈತೆ."

ರೋಟವೇಟರನ್ನು ಟ್ರೇಲರಿನ ನಡುವಿಗೆ ಇಳಿಸಿ, ಜಾರದಂತೆ ನಾಲ್ಕೂ ಕಡೆ ಮರದ ತುಂಡು ಕೊಟ್ಟರು. ನಾಲ್ಕು ಮೂಲೆಯಿಂದ ನಾಲ್ಕು ಸರಪಳಿ ಎಳೆದು ತಿರುಪು ಹಾಕಿ ಬಿಗಿಸಿದರು. ಬಿಗಿಸಿದ್ದನ್ನೆಲ್ಲ ಬಿಚ್ಚಿ, ನನ್ನ ಕೈಯಲ್ಲಿ ಮತ್ತೆ ಕಟ್ಟಿಸಿದರು. ಕೂರಿಗೆಯನ್ನು ಹಿಂದೆ ಬೇರೆಯಾಗಿ ಬಿಗಿದು, ಹೊರಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿದೆವು. ಕೊನೆಗೆ ಒಂದು ಸ್ಪ್ಯಾನರ್ ತೆಗೆದುಕೊಂಡು ರೋಟವೇಟರಿನ ಸರಪಳಿಗಳಿಗೆ ಒಂದೊಂದು ಏಟು ಹಾಕಿದರು.

"ಬಿಗಿ ಇದ್ರೆ ಗಂಟೆ ಹೊಡ್ದಂಗೆ ಅಂತೈತೆ. ಸಡ್ಲ ಆದ್ರೆ ಮಣ್ಣಿನ ಮಡಕೆ ತಟ್ಟಿದಂಗೆ. ಹಾನಗಲ್ಲಾಗೆ ನಿಲ್ಸಿ ತಟ್ಟಿ ನೋಡು."

ನಾಲ್ಕೂ ಗಂಟೆಯಂತೆಯೇ ಸದ್ದು ಮಾಡಿದವು. ಅವರು ಕೊಟ್ಟ ಆ ಸ್ಪ್ಯಾನರನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿಟ್ಟು ಹೊರಟೆವು.

ತಳಕಿಗೆ ಮುಂಚೆ ಒಂದು ಕಡೆ ರಸ್ತೆ ಅಗೆದಿದ್ದರು. ಆ ಮಣ್ಣಿನ ಹಾದಿಯಲ್ಲಿ ಎಷ್ಟು ಧೂಳು ಎದ್ದಿತೆಂದರೆ, ಹೊರಗೆ ಬಂದಾಗ ಓಬಮ್ಮನ ರೆಪ್ಪೆಯೂ ಕೆಂಪಗಾಗಿತ್ತು. ತಳಕು ದಾಟಿ ಒಳ್ಳೆ ರಸ್ತೆ ಸಿಕ್ಕಿದ ಮೇಲೆ ನನಗೆ ಆ ಸದ್ದು ಕೇಳಿತು. ಠಣ್, ಠಣ್, ಠಣ್. ಆಮೇಲೆ ಒಂದು ಮೊಂಡು ಸದ್ದು, ಮಡಕೆ ತಟ್ಟಿದ ಹಾಗೆ.

ನೀವು ಟ್ರ್ಯಾಕ್ಟರ್ ಓಡಿಸಿದ್ದರೆ ಗೊತ್ತಿರುತ್ತದೆ. ಓಡುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಹಿಂದೆ ಟ್ರೇಲರಿನಲ್ಲಿ ಸ್ಪ್ಯಾನರಿನ ಸದ್ದು ಕೇಳುವ ಮಾತೇ ಇಲ್ಲ. ಆದರೆ ಅದು ಅಷ್ಟು ಸ್ಪಷ್ಟವಾಗಿ, ಎಲ್ಲ ಗದ್ದಲ ನಿಂತ ಮೇಲೆ ಕೇಳುವಂತೆ ಕೇಳಿತು.

"ಏನಾರ ಕೇಳ್ತೈತೇನೆ?" ಎಂದು ಕೂಗಿ ಕೇಳಿದೆ.

"ಇಂಜಿನ್ನು, ಅತ್ತಿಗೆ," ಅಂದಳು ಓಬಮ್ಮ.

ಸ್ವಲ್ಪ ದೂರಕ್ಕೆ ಮತ್ತೆ ಕೇಳಿತು. ಮೂರು ಸಲ ಗಂಟೆ, ಒಂದು ಸಲ ಮಡಕೆ. ಹಾನಗಲ್ ದೂರವಿರಲಿಲ್ಲ, ಅಲ್ಲಿಯೇ ನೋಡೋಣವೆಂದುಕೊಂಡೆ. ಮೂರನೇ ಸಲ ಕೇಳಿದಾಗ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ನಿಧಾನ ಮಾಡಿ ಪಕ್ಕಕ್ಕೆ ಇಳಿಸಿದೆ. ಟ್ರೇಲರಿಗೆ ಅಂಟಿಕೊಂಡಂತೆ ಹಿಂದೆ ಬರುತ್ತಿದ್ದ ಬೈಕೊಂದು ನಮ್ಮನ್ನು ದಾಟಿ ಹೋಯಿತು. ಗಂಡ, ಹೆಂಡತಿ, ನಡುವೆ ನಿದ್ದೆ ಹೋದ ಮಗು.

ಸ್ಪ್ಯಾನರ್ ಹಿಡಿದು ಟ್ರೇಲರ್ ಹತ್ತಿದೆ. ತಟ್ಟಿ ನೋಡುವ ಅಗತ್ಯವೇ ಬರಲಿಲ್ಲ. ಹಿಂದಿನ ಎಡಮೂಲೆಯ ಸರಪಳಿ ಜೋತು ಬಿದ್ದಿತ್ತು. ಅದರ ಕೊಕ್ಕೆ ಹಿಡಿದ ಬೋಲ್ಟಿನ ನಟ್ ಕುಲುಕಾಟಕ್ಕೆ ತಿರುಗಿ ತಿರುಗಿ ತುದಿಗೆ ಬಂದಿತ್ತು. ಇನ್ನು ಎರಡು ಸುತ್ತು. ಆ ಕಡೆಯ ಮರದ ತುಂಡು ಆಗಲೇ ಜಾರಿ, ರೋಟವೇಟರ್ ನಾಲ್ಕು ಬೆರಳು ಅಂಚಿಗೆ ಸರಿದಿತ್ತು. ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿದ್ದರೆ ಅಷ್ಟೂ ಕಬ್ಬಿಣ ಅಂಚಿನಿಂದ ಜಾರಿ ರಸ್ತೆಗೆ ಬೀಳುತ್ತಿತ್ತು, ಹಿಂದೆ ಬರುತ್ತಿದ್ದವರ ಗಾಲಿಗೆ ಅಡ್ಡ. ಆ ಮಗುವಿನ ಮುಖ ಕಣ್ಣ ಮುಂದೆ ಬಂತು; ಮೊದಲು ನಟ್ಟನ್ನು ಬೆರಳಿಂದಲೇ ತಿರುಗಿಸಿ ಒಳಕ್ಕೆ ತಂದೆ.

ಆಗ ಓಬಮ್ಮ, "ಅತ್ತಿಗೆ, ಇಲ್ಲಿ ನೋಡು," ಅಂದಳು.

ಎಲ್ಲ ಸರಪಳಿಗಳ ಮೇಲೂ ಕೆಂಪು ಧೂಳು ಮೆತ್ತಿತ್ತು. ಆದರೆ ರೋಟವೇಟರಿನ ಸರಪಳಿಗಳಲ್ಲಿ ಒಂದೊಂದು ಕೊಂಡಿ ಮಾತ್ರ, ಹೆಬ್ಬೆರಳಿನಗಲ, ಧೂಳು ಉದುರಿ ಹೊಳೆಯುತ್ತಿತ್ತು. ನಾಲ್ಕರಲ್ಲೂ ಕೆಳಗಿನಿಂದ ಐದನೇ ಕೊಂಡಿ. ನಾವಿಬ್ಬರೂ ಒಂದೊಂದಾಗಿ ಎಣಿಸಿದೆವು. ಧೂಳಿನ ಹಾದಿ ದಾಟಿದ ಮೇಲೆ ನಾವು ಎಲ್ಲೂ ನಿಲ್ಲಿಸಿರಲಿಲ್ಲ. ಸ್ಪ್ಯಾನರ್ ನಾನು ತೆಗೆಯುವವರೆಗೂ ಡಬ್ಬಿಯಲ್ಲೇ ಇತ್ತು.

ಸುತ್ತ ಬರಿ ಬಯಲು. ಒಂದು ಮರ ಕೂಡ ಇರಲಿಲ್ಲ. ಹಾರೆಯಿಂದ ಮೀಟಿ ರೋಟವೇಟರನ್ನು ನಡುವಿಗೆ ತಂದೆವು, ಮರದ ತುಂಡು ಬಡಿದೆವು, ಸರಪಳಿ ಬಿಗಿದು ನಟ್ಟಿನ ಮೇಲೆ ಇನ್ನೊಂದು ನಟ್ ಹಾಕಿದೆವು. ಮತ್ತೆ ಹೊರಟಾಗ ಆ ಇಳಿಜಾರಿನಲ್ಲಿ ಕುರಿ ಹಿಂಡೊಂದು ಒಮ್ಮೆಲೇ ರಸ್ತೆಗೆ ನುಗ್ಗಿತು. ಎರಡೂ ಕಾಲಿಂದ ಬ್ರೇಕ್ ಒತ್ತಿದೆ. ಟ್ರೇಲರ್ ನರಳಿತು. ರೋಟವೇಟರ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕುರಿ ಕಾಯುವವನು ಹೊರೆಯನ್ನು ನೋಡಿ, ನನ್ನನ್ನು ನೋಡಿ, "ಗಟ್ಟಿಗಿತ್ತಿ ಕಣವ್ವ ನೀನು" ಅಂದ. ಓಬಮ್ಮ ಅಳುತ್ತಾ ನಗುತ್ತಿದ್ದಳು. ನಾನೂ ನಕ್ಕೆ, ಊರು ಬರುವವರೆಗೂ ನಕ್ಕೆ.

ಸಂಘದವರು ಊರ ಬಾಗಿಲಲ್ಲೇ ಕಾದಿದ್ದರು. ನಾನು ಬೇಕೆಂದೇ ಅರಳಿಕಟ್ಟೆಯ ಮುಂದೆ ನಿಧಾನವಾಗಿ ಹೋದೆ. ಅಲ್ಲಿ ಯಾರೂ ನಗಲಿಲ್ಲ. ಮಾರನೇ ದಿನ ಬೆಳಗಾಗುವುದರೊಳಗೆ ಹೊಲಕ್ಕೆ ಇಳಿದೆವು. ಹದ ಆರುವ ಮುಂಚೆ ಹನ್ನೊಂದೂ ಮನೆಯ ಬಿತ್ತನೆ ಮುಗಿಯಿತು. ಕಟ್ಟೆಯ ಮೇಲೆ ಮಾತಾಡಿದ್ದವನೇ ಬಂದು, "ಅಕ್ಕಾ, ನಮ್ದೂ ಒಂದಿಷ್ಟು ಬಿತ್ಕೊಡ್ತೀಯಾ?" ಅಂದ. ಬಿತ್ತಿಕೊಟ್ಟೆ.

ಆಮೇಲೆ ಚಾಚಾಗೆ ಎಲ್ಲ ಹೇಳಿದೆ. ಅವರು, "ರಸ್ತೆ ಕಲ್ಲು ಸಿಡಿದಿರ್ಬೇಕು ಬೇಟಾ," ಅಂದರು. ನಾಲ್ಕು ಕಲ್ಲು, ನಾಲ್ಕೂ ಐದನೇ ಕೊಂಡಿಗಾ ಅಂದೆ. ಅವರು ಸ್ಪ್ಯಾನರ್ ಎತ್ತಿಕೊಂಡು ಕೆಲಸಕ್ಕೆ ತಿರುಗಿದರು. ಓಬಮ್ಮ ದೇವರು ಅನ್ನುತ್ತಾಳೆ. ನನಗೆ ಎರಡೂ ಒಪ್ಪಿಗೆಯಾಗಿಲ್ಲ. ಮೂರನೆಯದು ಏನೆಂದು ಹೇಳಲೂ ಬರುವುದಿಲ್ಲ. ಆ ಗಂಡ ಹೆಂಡತಿ ಯಾರೋ, ಯಾವ ಊರವರೋ, ಅದೂ ಗೊತ್ತಿಲ್ಲ. ಅವರ ಮಗು ಆವತ್ತು ನಿದ್ದೆ ಕೆಡದೆ ಮನೆ ಸೇರಿರಬೇಕು.