ಎಣ್ಣೆ ಬಿಟ್ಟ ಆರು ತಿಂಗಳು

ಕಾಲುವೆ ನೀರು ಬಂದಮೇಲೆ ಸಿಂಧನೂರಿನ ಸುತ್ತ ಎಲ್ಲರೂ ಭತ್ತಕ್ಕೆ ಬಿದ್ದರು. ನಾನು ಮಾತ್ರ ನೀರು ಹತ್ತದ ಎರೆಹೊಲಗಳ ಕುಸುಬಿಯನ್ನು ಚೌಕಾಸಿ ಮಾಡಿ ಕೊಂಡು, ಗಾಣಕ್ಕೆ ಹಾಕಿಸಿ, ಎಣ್ಣೆ ಮಾರಿ ಮೇಲೆ ಬಂದವನು.

ನನ್ನ ಎರಡು ವರ್ಷದ ಮಗಳಿಗೆ ಕಾಮಾಲೆಯಾಯಿತು. ಮಸ್ಕಿಯಲ್ಲಿ ಬೇರು ಅರೆದು ಕೊಡುವ ಮುದುಕನೊಬ್ಬ, "ಎಣ್ಣಿ, ಬೆಣ್ಣಿ ಹನಿನೂ ಸೋಕಿಸಬ್ಯಾಡ್ರಿ. ನಾ ಬಿಡ್ರಿ ಅನ್ನೂತನಕ ಪಥ್ಯ" ಎಂದ. ಹದಿನೈದು ದಿನಕ್ಕೆ ಕಣ್ಣು ತಿಳಿಯಾದವು. ಪಥ್ಯ ಬಿಡಿಸಿಕೊಳ್ಳಲು ಹೋದರೆ ಮುದುಕ ಶ್ರೀಶೈಲಕ್ಕೆ ನಡೆದುಹೋಗಿದ್ದ. ಪಥ್ಯ ಹಾಕಿದವರೇ ಬಿಡಿಸಬೇಕು, ಇಲ್ಲದಿದ್ದರೆ ರೋಗ ಮರಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕಾದೆವು. ಅನ್ನದ ಗಂಜಿ, ಬೆಣ್ಣೆ ತೆಗೆದ ಮಜ್ಜಿಗೆ, ಅಷ್ಟೇ. ಅವನು ಬರಲಿಲ್ಲ.

ನನ್ನ ಮಾತು ಕೇಳಿರಿ: ಪಥ್ಯ ಹೇಳುವವರನ್ನು ಅಲ್ಲೇ ನಿಲ್ಲಿಸಿ, ಎಂದಿಗೆ ಮುಗಿಯುತ್ತದೆಂದು ಕೇಳಬೇಕು. ಒಂದು ಚೀಲ ಕಾಳಿಗೆ ನೂರು ಪ್ರಶ್ನೆ ಕೇಳುವ ನಾನು ಅದೊಂದನ್ನು ಕೇಳಲಿಲ್ಲ.

ಮಗಳ ಚರ್ಮ ಒಣಗಿ ಮೀನಿನ ಹುರುಪೆಯಂತೆ ಎದ್ದಿತು. ಕೂದಲು ಉದುರಿತು. ತೊಡೆಯ ಸಂದಿಯಲ್ಲಾದ ಹುಣ್ಣು ಮಾಯಲಿಲ್ಲ.

"ಮೈಗಾದ್ರೂ ಒಂದೀಟು ಕುಸುಬಿ ಎಣ್ಣಿ ಹಚ್ಚಲ್ಯಾ?" ಎಂದಳು ಹೆಂಡತಿ.

"ಪಥ್ಯ ಮುರದ್ರ ಕೂಸು ಉಳದೀತೇನು? ಸುಮ್ಕಿರು ಬೇ" ಎಂದಳು ನನ್ನವ್ವ. ನಾನು ಅವ್ವನ ಕಡೆ ನಿಂತೆ.

ಆರು ತಿಂಗಳಾದ ಮೇಲೆ ಮಗಳನ್ನು ಲಿಂಗಸುಗೂರಿನ ಡಾಕ್ಟರರ ಬಳಿಗೆ ಒಯ್ದೆವು. ಉಣಿಸುತ್ತಿದ್ದುದನ್ನೆಲ್ಲ ಕೇಳಿ, "ನಿಮ್ಮ ದಂಧೆ ಏನ್ರಿ?" ಎಂದರು.

"ಎಣ್ಣಿ ವ್ಯಾಪಾರ್ರಿ."

ಅವರು ಮಗಳ ತೋಳಿನ ಹುರುಪೆಯ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: ಲಿನೋಲಿಕ್ ಆಮ್ಲವೆಂಬ ಒಂದು ಕೊಬ್ಬಿನಂಶವಿದೆ, ದೇಹ ಅದನ್ನು ತಾನೇ ಮಾಡಿಕೊಳ್ಳಲಾರದು, ಉಣ್ಣಲೇಬೇಕು. ಚರ್ಮ ತನ್ನ ತೇವ ಹಿಡಿದಿಟ್ಟುಕೊಳ್ಳುವುದು, ಗಾಯ ಮಾಯುವುದು, ಕೂಸು ಬೆಳೆಯುವುದು ಅದರಿಂದಲೇ.

"ಎಷ್ಟು ದುಬಾರಿ ಆದ್ರೂ ಆಗ್ಲಿ, ಸೂಜಿ ಹಾಕ್ರಿ" ಎಂದೆ.

"ಹುಣ್ಣಿಗೆ ಹಾಕ್ತೀನಿ. ಇದಕ್ಕ ಸೂಜಿ ಯಾಕ್ರಿ? ಕುಸುಬಿ ಎಣ್ಣಿಯೊಳಗ ಇರೂದೇ ಅದು. ನಿಮ್ಮ ಅಂಗಡಿಯಾಗ ಡಬ್ಬಿ ಡಬ್ಬಿ ಐತಲ್ಲ."

ಅಂದೇ ಗಂಜಿಗೆ ಎಣ್ಣೆ ಹಾಕಿದೆವು, ಮೈಗೂ ಹಚ್ಚಿದೆವು. ವಾರದಲ್ಲಿ ತೋಳು ಮೆತ್ತಗಾದವು. ಅವ್ವ ಅವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆದರೆ ಹುಣ್ಣಿನ ನಂಜು ಆಗಲೇ ರಕ್ತಕ್ಕೆ ಏರಿತ್ತು. ಜ್ವರ ಇಳಿಯಲಿಲ್ಲ. ಒಂಬತ್ತನೆಯ ದಿನ ಮಗಳು ಹೋದಳು.

ಮಣ್ಣಿಗೆ ಒಯ್ಯುವ ಮುನ್ನ ಮೈ ತೊಳೆಯುವಾಗ ಹೆಂಡತಿ ಬಟ್ಟಲು ತಂದು ಎಣ್ಣೆ ಹಚ್ಚತೊಡಗಿದಳು. ಕಾಲು, ಬೆನ್ನು, ಮತ್ತೆ ಕಾಲು. ಜನ ಕಾಯುತ್ತಿದ್ದರು. ನಾನು ಬಟ್ಟಲಿಗೆ ಮತ್ತಷ್ಟು ಎಣ್ಣೆ ಸುರಿದೆ.