ಬಂಗುಡೆಯ ಕಿವಿಗೆ ಎರಡು ಕ್ಯಾಮೆರಾ

ನನ್ನ ಹಳೆಯ ಕ್ಯಾಮೆರಾವನ್ನು ಯಾರಾದರೂ ಹೀಗಳೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದನ್ನು ಬಿಟ್ಟು ಬೇರೆ ಕಂಪನಿಯದನ್ನು ಹಿಡಿದವಳು ನಾನೇ, ಆದರೂ ಬರುತ್ತದೆ. ಅಂಗೈಯಗಲದ ಪೆಟ್ಟಿಗೆ ಅದು. ಅಣ್ಣ ಮುಂಬೈಯ ಹೋಟೆಲ್ ಕೆಲಸದಿಂದ ರಜೆಗೆ ಬಂದಿದ್ದಾಗ ತಂದುಕೊಟ್ಟದ್ದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತಿತ್ತು, ಸೆಲ್ ಮುಗಿದರೆ ನಮ್ಮ ಬೀಜಾಡಿಯ ಗೂಡಂಗಡಿಯಲ್ಲೇ ಸಿಗುತ್ತಿತ್ತು. ಮೂರು ಸಲ ಕೈಜಾರಿ ನೆಲಕ್ಕೆ ಬಿದ್ದಿದೆ, ಒಂದು ಸಲ ನೇರ ಮೀನಿನ ಬುಟ್ಟಿಗೇ ಬಿದ್ದಿದೆ. ಒರೆಸಿ, ಬಿಸಿಲಿಗಿಟ್ಟು, ಸೆಲ್ ಬದಲಿಸಿದರೆ ಏನೂ ಆಗಿಲ್ಲವೆಂಬಂತೆ ಕಣ್ಣು ಬಿಡುತ್ತಿತ್ತು.

ಅದರ ದೊಡ್ಡ ಗುಣವೆಂದರೆ ಬಣ್ಣ. ಸುಡುಬಿಸಿಲಿನಲ್ಲಿ ತೆಗೆದರೂ ಸಂಜೆಯ ಹೊಂಬಿಸಿಲು ಬಿದ್ದಂತೆ ಬರುತ್ತಿತ್ತು. ಅದರಲ್ಲಿ ಯಾರೂ ದಣಿದಂತೆ ಕಾಣುತ್ತಿರಲಿಲ್ಲ. ನೆಂಟರ ಮದುವೆಗಳಲ್ಲಿ, ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರನನ್ನು ಬಿಟ್ಟು ಹೆಂಗಸರು ನನ್ನ ಮುಂದೆ ಬಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಫೋನ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಐಸ್ ನೀರು, ಮೀನಿನ ಲೋಳೆ, ಪರೆ ಎಲ್ಲ ಮೆತ್ತಿದ ಕೈಯಲ್ಲಿ ಫೋನಿನ ಗಾಜನ್ನು ಒಂದು ಸಲ ಉಜ್ಜಿ ನೋಡಲಿ, ಆಮೇಲೆ ಮಾತಾಡೋಣ.

ಮೀನಿನ ಮಾತು ಯಾಕೆ ಬಂತೆಂದರೆ, ನನ್ನ ಅಬ್ಬಿ ಮೀನು ಮಾರುವವಳು. ನಮ್ಮಲ್ಲಿ ತಾಯಿಯನ್ನು ಹಾಗೇ ಕರೆಯುವುದು. ವಾರವಿಡೀ ನಾನು ಬ್ರಹ್ಮಾವರದ ಒಂದು ಆಫೀಸಿನಲ್ಲಿ ಕಾಗದ ತಿರುವಿ ಹಾಕುವವಳು. ಭಾನುವಾರ ಮಾತ್ರ ಅಬ್ಬಿಯ ಹಿಂದೆ ಗಂಗೊಳ್ಳಿಯ ಬಂದರಿಗೆ ಹೋಗುತ್ತೇನೆ, ಕ್ಯಾಮೆರಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ನನ್ನ ಫೋಟೋಗಳಲ್ಲಿ ಮುಕ್ಕಾಲು ಪಾಲು ಅಬ್ಬಿ ಮತ್ತು ಮೀನು. ಬೇರೆಯವರು ಸೂರ್ಯಾಸ್ತ ತೆಗೆಯುತ್ತಾರೆ, ತೆಗೆಯಲಿ.

ಏಲಂ ಕೂಗುವಾಗ ಅಬ್ಬಿಯನ್ನು ನೋಡಬೇಕು. ಅವಳು ಯಾವ ರಾಶಿಗೆ ಕೈಹಾಕುತ್ತಾಳೆಂದು ಉಳಿದ ಹೆಂಗಸರು ಕಾದು ನಿಂತಿರುತ್ತಾರೆ, ಯಾಕೆಂದರೆ ಅವಳು ಮುಟ್ಟಿದ್ದು ಒಳ್ಳೆಯ ಮೀನು ಎಂಬ ನಂಬಿಕೆ. ಇದು ಗೊತ್ತಿದ್ದೇ ಅವಳು ಮೊದಲು ಬೇಡದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಭಾರೀ ಆಸೆ ಇರುವವಳಂತೆ ತಲೆದೂಗುತ್ತಾಳೆ. ಎಲ್ಲರೂ ಅತ್ತ ನುಗ್ಗುವಾಗ ಎದ್ದು, ನಾಲ್ಕು ಹೆಜ್ಜೆ ಆಚೆಗಿನ ರಾಶಿಯ ಬುಡಕ್ಕೆ ಕೈ ತೂರಿಸಿ, ಒಂದು ಮೀನನ್ನು ಎಳೆದು, ಹೆಬ್ಬೆರಳಿನಿಂದ ಕಿವಿಯ, ಅಂದರೆ ಕಿವಿರಿನ, ಮುಚ್ಚಳ ಎತ್ತುತ್ತಾಳೆ. ಒಳಗೆ ದಾಸವಾಳದ ಕೆಂಪಿದ್ದರೆ ಆ ದಿನದ ಮೀನು. ಕಂದಿದ್ದರೆ ಹಳತು. ಐಸಿನಲ್ಲಿ ಹುಗಿದ ಮೀನು ಮುಟ್ಟಿದರೆ ಗಟ್ಟಿಯೇ, ಅದಕ್ಕೆ ವಾಸನೆಯೂ ತಡವಾಗಿ ಬರುತ್ತದೆ. ಕಿವಿ ಮಾತ್ರ ಸುಳ್ಳು ಹೇಳುವುದಿಲ್ಲ.

ಆಮೇಲೆ ಬುಟ್ಟಿ ಹೊತ್ತು ಕೋಟೇಶ್ವರದ ಕಡೆಯ ಹತ್ತು ಹನ್ನೆರಡು ಮನೆಗಳಿಗೆ ಹೋಗುತ್ತಾಳೆ. ಅಲ್ಲಿ ಅವಳದೊಂದು ಕ್ರಮವಿದೆ. ಬೆಲೆ ಹೇಳುವ ಮೊದಲು ಒಂದು ಮೀನನ್ನು ಕೈಗೆತ್ತಿಕೊಂಡು ಕಿವಿ ತೆರೆದು ತೋರಿಸಬೇಕು. "ಕಿವಿ ಕಾಣಿ," ಎನ್ನುತ್ತಾಳೆ. ನಲವತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ನೋಡುವವರು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ತೋರಿಸುವವಳು ಬಿಟ್ಟಿಲ್ಲ. ನನಗೆ ಅಬ್ಬಿಯ ಮೇಲೆ ನೂರು ತಕರಾರುಗಳಿವೆ, ಆದರೆ ಈ ಒಂದಕ್ಕೆ ಕೈಮುಗಿಯುತ್ತೇನೆ.

ಹಳೆಯ ಕ್ಯಾಮೆರಾಕ್ಕೆ ಕೊನೆಗೂ ವಯಸ್ಸಾಯಿತು. ಸೆಲ್ ಇಡುವ ಬಾಗಿಲಿನ ಕೊಕ್ಕೆ ಮುರಿಯಿತು, ರಬ್ಬರ್ ಬ್ಯಾಂಡ್ ಸುತ್ತಿದೆ. ಉಪ್ಪುಗಾಳಿಗೆ ಲೆನ್ಸು ಅರ್ಧಕ್ಕೆ ಬಂದು ನಿಲ್ಲತೊಡಗಿತು, ತಟ್ಟಿ ಎಬ್ಬಿಸಿದೆ. ಕುಂದಾಪುರದ ಅಂಗಡಿಗೆ ಹೋಗಿ ಅದೇ ಕಂಪನಿಯದು ಬೇಕೆಂದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಈಗ ಇದನ್ ಯಾರ್ ತಕಂತ್ರ್ ಅಕ್ಕ, ಮೊಬೈಲಿಲ್ಯಾ," ಎಂದ. ನಾನು ಮಾತಾಡದೆ ಹೊರಟುಬಂದೆ. ಮಾತಾಡಿದ್ದರೆ ಜಗಳವಾಗುತ್ತಿತ್ತು.

ಆಗ ನಾವುಂದದ ಮದುವೆ ಫೋಟೋಗ್ರಾಫರ್ ಒಬ್ಬನ ಬಳಿ, ಬೇರೊಂದು ಕಂಪನಿಯ ಚಿಕ್ಕ ಕ್ಯಾಮೆರಾ ಮಾರಾಟಕ್ಕಿದೆ ಎಂದು ತಿಳಿಯಿತು. ಹೋಗಿ ನೋಡಿದೆ. ನೀರಿಗೆ ಬಿದ್ದರೂ ಕೆಡುವುದಿಲ್ಲ, ಮಬ್ಬು ಬೆಳಕಿನಲ್ಲೂ ಸ್ಪಷ್ಟ, ಗುಂಡಿ ಒತ್ತಿದ ಕೂಡಲೇ ತಯಾರು. ಬಂದರಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದಕ್ಕೆ ಅದರದೇ ಬ್ಯಾಟರಿ, ಅದರದೇ ಚಾರ್ಜರ್ ಬೇಕು. ಗೂಡಂಗಡಿಯ ಸೆಲ್ ನಡೆಯುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಮೆನುವಿನೊಳಗೆ ಹೋದರೆ ಹೊರಬರುವ ದಾರಿ ತಿಳಿಯುವುದಿಲ್ಲ. ಬಣ್ಣವಂತೂ ತೀರಾ ಸಪ್ಪೆ. ಕೇಳಿದ್ದಕ್ಕೆ ಅವನು, "ಇದ್ ಇದ್ದದ್ದನ್ನ್ ಇದ್ದಾಂಗೆ ತೋರ್ಸತ್ತ್ ಅಕ್ಕ. ಕಣ್ಣಿಗ್ ರೂಢಿ ಆಪುಕೆ ಸ್ವಲ್ಪ ದಿನ ಬೇಕ್," ಎಂದ. ಒಂದು ವಾರ ಬ್ರಹ್ಮಾವರದ ಬಸ್ಸಿನಲ್ಲಿ ಹೋಗುತ್ತ ಬರುತ್ತ ತೂಗಿ ನೋಡಿದೆ. ಹಳತರ ಕಡೆ ಮನಸ್ಸು, ಹೊಸತರ ಕಡೆ ಬುದ್ಧಿ. ಕೊನೆಗೆ ಬುದ್ಧಿಯ ಮಾತು ಕೇಳಿದೆ, ನನಗದು ಅಪರೂಪ.

ಮೊದಲ ಭಾನುವಾರವೇ ಅಬ್ಬಿ ತೆಗೆದುಕೊಂಡ ಬಂಗುಡೆಯ ಕಿವಿಯನ್ನು ಎರಡರಲ್ಲೂ ತೆಗೆದೆ, ಹಳತನ್ನು ತಟ್ಟಿ ಎಬ್ಬಿಸಿ. ಮಧ್ಯಾಹ್ನ ಟಿವಿಗೆ ಹಾಕಿ ತೋರಿಸಿದೆ. ಅಬ್ಬಿ ಹೊಸತರ ಫೋಟೋ ನೋಡಿ ಮುಖ ಸಿಂಡರಿಸಿದಳು.

"ಇದೆಂತ ಮಾರಾಯ್ತಿ, ಮೀನಿಗ್ ಹೊಗಿ ಹಿಡ್ದಾಂಗಿತ್ತ್. ಹಳೀದ್ರಗೆ ಕಾಣ್, ಕಿವಿ ಎಷ್ಟ್ ಕೆಂಪಿತ್ತ್."

ಮೀನಿನ ವಿಷಯದಲ್ಲಿ ಅಬ್ಬಿಯ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಮೋಸಹೋದೆ ಎಂದು ನಾವುಂದದವನಿಗೆ ಫೋನ್ ಮಾಡಿ ದಬಾಯಿಸಿದೆ. ಪಾಪ, ಅವನು ತಾಳ್ಮೆಯಿಂದ ಬಣ್ಣವನ್ನು ಬೆಚ್ಚಗೆ, ಅಂದರೆ ತುಸು ಕೆಂಪಗೆ, ಮಾಡುವ ವಿಧಾನ ಹೇಳಿಕೊಟ್ಟ. ಮೂರು ಭಾನುವಾರ ಆ ಬಣ್ಣವನ್ನು ತಿರುಗಿಸಿದ್ದೇ ತಿರುಗಿಸಿದ್ದು. ಅಬ್ಬಿಗೆ ಸಮಾಧಾನವಾಗಲಿಲ್ಲ. ಕ್ಯಾಮೆರಾವನ್ನು ವಾಪಸ್ ಕೊಡುವುದೆಂದೇ ತೀರ್ಮಾನಿಸಿದ್ದೆ.

ಮೂರನೆಯ ಭಾನುವಾರ ಬುಟ್ಟಿಯಲ್ಲಿ ಆರು ಬಂಗುಡೆ ಉಳಿದು ಮನೆಗೆ ಬಂದವು. ಎರಡು ತಿಂಗಳಿನಿಂದ ಹಾಗೆ ಉಳಿಯುತ್ತಿತ್ತು. ಜನ ಕೋಳಿಯ ಹಿಂದೆ ಬಿದ್ದಿದ್ದಾರೆ ಎಂದು ಅಬ್ಬಿ ಗೊಣಗುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ಮೀನು ಹಸನು ಮಾಡಲು ಕುಳಿತ ನಾನು, ಕ್ಯಾಮೆರಾದ ಸುಳ್ಳು ಹಿಡಿಯೋಣವೆಂದು ಒಂದು ಮೀನಿನ ಕಿವಿ ಎತ್ತಿ, ಬಣ್ಣ ತಿರುಗಿಸದೆ ಅದರ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದೆ. ಎರಡೂ ಒಂದೇ ಬಣ್ಣ, ಸೋಸಿದ ಚಾ ಚರಟದ ಬಣ್ಣ. ಇನ್ನೊಂದನ್ನು ಎತ್ತಿದೆ. ಅದೂ ಹಾಗೇ. ಆರೂ ಹಾಗೇ.

"ಅಬ್ಬೀ, ಈ ಕಿವಿ ಎಂತ ಬಣ್ಣ?" ಎಂದು ಕೇಳಿದೆ.

ಅವಳು ಕಾಯಿ ತುರಿಯುತ್ತಿದ್ದವಳು ಬಗ್ಗಿ ನೋಡಿದಳು. "ಕೆಂಪ್. ನಿಂಗ್ ಕಾಂತಿಲ್ಯಾ?"

ಇತ್ತೀಚೆಗೆ ಅವಳು ಕರಿ ರವಿಕೆ ಎಂದು ನೀಲಿ ರವಿಕೆ ಹಾಕಿಕೊಂಡು ಹೊರಟದ್ದು, ಬಸ್ಸಿನ ಬೋರ್ಡು ಓದಲು ನನಗೆ ಹೇಳುತ್ತಿದ್ದದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಕ್ಯಾಮೆರಾ ಸರಿಯಾಗಿತ್ತು. ಕೆಟ್ಟದ್ದು ಅಬ್ಬಿಯ ಕಣ್ಣು. ಟಿವಿಯ ಬೆಳಕಿನಲ್ಲಿ ಕಂಡ ಮಂಕು ಕೈಯಲ್ಲಿನ ಮೀನಿನಲ್ಲಿ ಅವಳಿಗೆ ಕಾಣುತ್ತಿರಲಿಲ್ಲ, ಅಲ್ಲಿ ರೂಢಿಯ ಕೆಂಪೇ ಕಾಣುತ್ತಿತ್ತು. ಅಂದರೆ ಎರಡು ತಿಂಗಳಿನಿಂದ ಅವಳು ಹಳಸಿದ ಮೀನಿನ ಕಿವಿ ಎತ್ತಿ, "ಕಿವಿ ಕಾಣಿ," ಎನ್ನುತ್ತ ಮನೆಮನೆಗೆ ಕೊಟ್ಟು ಬಂದಿದ್ದಳು. ಹೇಳಿದರೆ ಅವಳು ಬುಟ್ಟಿಯನ್ನೇ ಕೆಳಗಿಟ್ಟುಬಿಡುತ್ತಾಳೋ ಎಂಬ ಭಯ. ಹೇಳದಿದ್ದರೆ ನಲವತ್ತು ವರ್ಷದ ಹೆಸರು ಮಣ್ಣುಪಾಲಾಗಿ, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹೇಳಿಬಿಟ್ಟೆ. ಅಬ್ಬಿ ತುರಿಯುವುದನ್ನು ನಿಲ್ಲಿಸಿದಳು. "ಒಂದ್ ಪೆಟ್ಟಿ ಮಾತ್ ಕೇಂಡ್ಕಂಡ್ ಅಬ್ಬಿ ಕಣ್ಣಿಗ್ ಹೆಸ್ರ್ ಇಡ್ತ್ಯಾ," ಎಂದಳು. ಆಮೇಲೆ ಎರಡು ದಿನ ಊಟಕ್ಕೆ ಕರೆಯಲೂ ಪಾತ್ರೆ ಬಡಿಯುತ್ತಿದ್ದಳು. ಆ ಎರಡು ದಿನ ಬಂದರಿಗೂ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅವಳು ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕುಳಿತಿದ್ದಳು.

"ಆಸ್ಪತ್ರಿಗ್ ಹೋಪ," ಎಂದಳು, ಅಷ್ಟೇ.

ಪೊರೆ ಬಲಿತಿತ್ತು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅಬ್ಬಿ ಆಸ್ಪತ್ರೆಯ ಗೋಡೆಯ ಎದುರು ನಿಂತು ಒಂದು ಕಣ್ಣು ಮುಚ್ಚಿದಳು, ತೆರೆದಳು, ಇನ್ನೊಂದು ಮುಚ್ಚಿದಳು. "ಇದ್ರಗೆ ಬಿಳಿ," ಎಂದಳು. "ಇದ್ರಗೆ ಚಾ ಬಣ್ಣ." ಹೀಗೆ ಐದಾರು ಸಲ ಮಾಡಿದಳು. ನರ್ಸು ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು.

ಡಾಕ್ಟರು ಹೇಳಿದಷ್ಟು ವಾರ ಮನೆಯಲ್ಲೇ ಕೂತಳು. ಕಟ್ಟುನಿಟ್ಟಾಗಿ ಕಣ್ಣಿಗೆ ಔಷಧಿ ಬಿಟ್ಟುಕೊಂಡಳು. ಬಂದರಿಗೆ ಹೋಗುವ ಹಿಂದಿನ ದಿನ, "ಆ ಫೋಟೊ ಹಾಕ್ ಕಾಂಬ," ಎಂದಳು. ಬೇಡವೆಂದೆ. ಕೇಳಲಿಲ್ಲ. ಟಿವಿಗೆ ಹಾಕಿದೆ. ಹಳೆಯ ಕ್ಯಾಮೆರಾದ ಕೆಂಪು ಕಿವಿಯನ್ನು ನೋಡಿ, ಮುಂದಿನದು ಹಾಕೆಂದು ಕೈಸನ್ನೆ ಮಾಡಿದಳು. ಹೊಸತರ ಫೋಟೋ ಬಂದಾಗ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು.

"ಈ ಮೀನ್ ನಾ ಯಾರಿಗ್ ಕೊಟ್ಟೆ?" ಎಂದಳು.

ನನಗೇನು ಗೊತ್ತು. ಅವಳೇ ಬೆರಳು ಮಡಿಸುತ್ತ, ಮನೆಯಿಂದ ಮನೆಗೆ ಮನಸ್ಸಿನಲ್ಲೇ ನಡೆದು, ಮೊದಲ ಮನೆಗೆ ಬಂದು ನಿಂತಳು. ಟೀಚರಮ್ಮನ ಮನೆ. ಶಾಲೆಯಿಂದ ನಿವೃತ್ತರಾದ ಅವರು ಅಬ್ಬಿಯ ಅತ್ಯಂತ ಹಳೆಯ ಗಿರಾಕಿ. ನಾನು ಹುಟ್ಟುವ ಮೊದಲಿನಿಂದಲೂ ಮೊದಲ ಮೀನು ಅವರಿಗೇ.

ಮರುದಿನ ಭಾನುವಾರ. ಅಬ್ಬಿ ಬಂದರಿನಲ್ಲಿ ಸುಳ್ಳು ಆಟ ಆಡಲಿಲ್ಲ. ನೇರ ಹೋಗಿ, ಒಂದರ ಮೇಲೊಂದು ಎಂಟು ಮೀನುಗಳ ಕಿವಿ ನೋಡಿ, ಏರಿದ ಬೆಲೆಗೇ ರಾಶಿ ಹಿಡಿದಳು. ಟೀಚರಮ್ಮನ ಅಂಗಳದಲ್ಲಿ ಬುಟ್ಟಿ ಇಳಿಸಿದವಳು ಯಾವತ್ತಿನಂತೆ ಮೀನಿಗೆ ಕೈಹಾಕಲಿಲ್ಲ. ನಾನು ಹಿಂದೆ ನಿಂತಿದ್ದೆ, ಎರಡೂ ಕ್ಯಾಮೆರಾ ಹಿಡಿದುಕೊಂಡು.

"ಅಮ್ಮ, ನನ್ ಕಣ್ಣಿಗೆ ಪೊರಿ ಬಂದಿತ್ತ್," ಎಂದಳು ಅಬ್ಬಿ. "ನಂಗ್ ಗೊತ್ತಾಯ್ಲಿಲ್ಲೆ. ನಿಮ್ಗೆ ಹಾಳ್ ಮೀನ್ ಕೊಟ್ಟೆ."

"ನಂಗ್ ಗೊತ್ತಿತ್ತ್," ಎಂದರು ಟೀಚರಮ್ಮ, ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತ. "ನಮ್ಮನಿ ಬೆಕ್ಕ್ ಎಷ್ಟ್ ದಪ್ಪ ಆಯಿತ್ ಕಾಣ್."

"ಗೊತ್ತಿದ್ದೂ ಎಂತಕೆ ತಕಂಡ್ರಿ? ಬೈಯುಕ್ ಆಯ್ಲಿಲ್ಯಾ?"

"ಮೋಸ ಮಾಡುವವ್ರ್ ಕಿವಿ ಮುಚ್ಚತ್ರ್ ಮಾರಾಯ್ತಿ. ನೀ ಎತ್ತಿ ತೋರ್ಸಿ ಕೊಟ್ಟೆ. ಆಗ್ಳೇ ಗೊತ್ತಾಯ್ತ್, ನಿಂಗ್ ಕಾಂತಿಲ್ಲೆ ಅಂದೇಳಿ. ಹೆಂಗ್ ಹೇಳುದಂದ್ ನಂಗೂ ತಿಳಿಲಿಲ್ಲೆ."

ಅಬ್ಬಿ ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು. ಬಲಗಣ್ಣು ಉಜ್ಜಬಾರದೆಂದು ಡಾಕ್ಟರು ಹೇಳಿದ್ದರು, ಆಗಲೂ ಅದು ಅವಳಿಗೆ ನೆನಪಿತ್ತು. ಆಮೇಲೆ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿ ಹೆಬ್ಬೆರಳು ತೂರಿಸಿದಳು.

"ಕಿವಿ ಕಾಣಿ."

"ಬ್ಯಾಡ, ನೀ ತಿರ್ಗಿ ಬುಟ್ಟಿ ತಂದ್ಯಲ್ಲ, ಸಾಕ್," ಎಂದರು ಟೀಚರಮ್ಮ.

"ಕಾಣಿ ಅಂದೆ," ಎಂದಳು ಅಬ್ಬಿ, ಸ್ವಲ್ಪ ಗಡುಸಾಗಿಯೇ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅಭ್ಯಾಸಬಲದಿಂದ ನನ್ನ ಕೈ ಹಳೆಯ ಕ್ಯಾಮೆರಾದ ರಬ್ಬರ್ ಬ್ಯಾಂಡಿಗೆ ಹೋಗಿತ್ತು. ಅಬ್ಬಿ ಮೀನು ಹಿಡಿದ ಕೈ ಇಳಿಸದೆ ತಿರುಗಿ ನನ್ನನ್ನು ನೋಡಿದಳು.

"ಅದ್ರಗೆ ಬ್ಯಾಡ ಮಗಾ," ಎಂದಳು. "ಹೊಸ್ದ್ರಗೆ ತೆಗಿ."