ಸಿದ್ದಕ್ಕನ ಮನೆಯ ಐದು ಸ್ಪೀಕರ್

ಶೆಟ್ಟಿಕೆರೆಯ ಸಿದ್ದಕ್ಕ ಟೀವಿಗೆ ಬೆನ್ನು ಹಾಕಿಕೊಂಡೇ ಟೀವಿ ನೋಡುತ್ತಿದ್ದಳು. ನಡುಮನೆಯ ನಟ್ಟನಡುವೆ ಕಾಲು ಚಾಚಿ ಕೂತು, ತಲೆಬಾಗಿಲಿಂದ ಬರುವ ಬೆಳಕಿಗೆ ಮೊರ ಹಿಡಿದು ಹುರುಳಿಯ ಕಲ್ಲು ಆರಿಸುತ್ತಿರುವಾಗ ಬೆನ್ನ ಹಿಂದೆ ಧಾರಾವಾಹಿ ನಡೆಯುತ್ತಿರಬೇಕು. ಯಾರು ನಿಜವಾಗಿ ಅತ್ತರು, ಯಾರು ಅತ್ತಹಾಗೆ ಮಾಡಿದರು ಎಂಬುದು ಅವಳಿಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು.

“ಮೊಕ ನೋಡ್ದೆ ಅದೆಂಗೆ ಗೊತ್ತಾಯ್ತದೆ ನಿಂಗೆ?” ಎಂದು ಗಂಡ ಚಿಕ್ಕಹನುಮಯ್ಯ ಕೇಳಿದರೆ, “ಮೊಕ ನೋಡಿದ್ರೆ ಮೋಸ ಹೋಗ್ತೀನಿ ಕಣಪ್ಪ” ಎನ್ನುತ್ತಿದ್ದಳು.

ಅವಳ ಕಿವಿ ಅಂಥದ್ದು. ಹಂದನಕೆರೆಯಿಂದ ಸೊಸೆಯಾಗಿ ಬಂದ ವರ್ಷವೇ ಅವಳು ಕೊಬ್ಬರಿ ಸುಲಿಯುವ ಹೆಂಗಸರ ಗುಂಪಿಗೆ ಸೇರಿದ್ದಳು. ತಿಪಟೂರಿನ ಮಂಡಿ ಸಾಹುಕಾರರು ಹಳ್ಳಿಗಳಲ್ಲಿ ಕಾಯಿ ಕೊಂಡರೆ ಈ ಗುಂಪು ಹೋಗಿ ಅಟ್ಟದಿಂದ ಕಾಯಿ ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಬಿಡಿಸಿ ಚೀಲ ತುಂಬಿಸಿ ಬರಬೇಕು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಈ ಸೀಮೆಯಲ್ಲಿ ಮಕ್ಕಳಿಗೂ ಬರುವ ಕೆಲಸ. ಸಿದ್ದಕ್ಕ ಅಲ್ಲಾಡಿಸುತ್ತಲೇ ಇರಲಿಲ್ಲ. ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿ, “ಇದು ಒಂದ್ ಮಗ್ಗುಲು ಅಂಟ್ಕಂಡೈತೆ, ಇದರೊಳಗೆ ಬೂಷ್ಟು, ಇದು ಇನ್ನೊಂದು ತಿಂಗಳು ಇರ್ಲಿ” ಎಂದು ಮೂರು ಕಡೆ ಇಡುತ್ತಿದ್ದಳು. ಒಮ್ಮೆ ಸಾಹುಕಾರರೊಬ್ಬರು ನಂಬದೆ, ಅವಳು ಬೂಷ್ಟು ಎಂದು ಎತ್ತಿಟ್ಟ ಇಪ್ಪತ್ತು ಕಾಯಿಗಳನ್ನು ತಾವೇ ಕೂತು ಒಡೆಸಿದರು. ಇಪ್ಪತ್ತರಲ್ಲೂ ಬೂಷ್ಟೇ ಇತ್ತು. ಅಂದಿನಿಂದ ಗುಂಪಿನ ಮುಂದಾಳು ಅವಳೇ. ಮೂವತ್ತೆರಡು ವರ್ಷ ಆ ಕೆಲಸ ಮಾಡಿ, ಬಲ ಭುಜ ಎತ್ತಲಾಗದೆ ಹೋದ ಮೇಲೆ ಮನೆಯಲ್ಲಿ ಕೂತಳು. ಕೂತ ಮೇಲೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅದೊಂದು ಅವಳಿಗೆ ಒಗ್ಗಿರಲಿಲ್ಲ.

ಮಗ ರೇಣುಕಪ್ರಸಾದ್ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಅವನಿಗೆ ಕ್ರಿಕೆಟ್ ಎಂದರೆ ಊಟ ಬೇಡ. ತಿಪಟೂರಿನ ಸ್ನೇಹಿತನ ಮನೆಯಲ್ಲಿ ಐದು ಸ್ಪೀಕರಿನ ಹೋಮ್ ಥಿಯೇಟರ್ ಕೇಳಿ ಬಂದವನು, ಮಾರನೇ ವಾರವೇ ಅಂಥದ್ದೊಂದನ್ನು ಮನೆಗೆ ತರಿಸಿದ. ಜೋಡಿಸಲು ಅಂಗಡಿಯಿಂದ ಜ್ಞಾನೇಶ್ ಎಂಬಾತ ಬಂದ. ಮೂವತ್ತೈದರ ಆಸುಪಾಸಿನವನು, ಕೆಲಸದಲ್ಲಿ ಚುರುಕು. ಟೀವಿಯ ಎಡಬಲಕ್ಕೆ ಒಂದೊಂದು ಸ್ಪೀಕರ್, ಟೀವಿಯ ಕೆಳಗೆ ಉದ್ದನೆಯದೊಂದು, ಮೂಲೆಯಲ್ಲಿ ದಪ್ಪ ಸದ್ದಿನ ಪೆಟ್ಟಿಗೆ. ಉಳಿದ ಎರಡನ್ನು ಎದುರು ಗೋಡೆಯಲ್ಲಿ, ತಲೆಬಾಗಿಲಿನ ಎರಡೂ ಪಕ್ಕಕ್ಕೆ ಎತ್ತರದಲ್ಲಿ ಬಿಗಿದ. ಟೀವಿ ನೋಡುವವರಿಗೆ ಆ ಎರಡು ಬೆನ್ನ ಹಿಂದಿನವು. ಟೀವಿಗೆ ಬೆನ್ನು ಹಾಕಿ ಕೂರುವ ಸಿದ್ದಕ್ಕನಿಗೆ ಮಾತ್ರ ಅವು ಮುಖದ ಎದುರಿಗೇ ಇದ್ದವು.

ಜ್ಞಾನೇಶ್ ರಿಮೋಟ್ ಒತ್ತಿ ಒಂದೊಂದೇ ಸ್ಪೀಕರಿನಿಂದ ಸುಯ್ ಎಂಬ ಸದ್ದು ಹೊರಡಿಸಿ ತೋರಿಸಿದ. ಐದೂ ಮಾತಾಡಿದವು. ಆಮೇಲೆ ಕ್ರಿಕೆಟ್ ಹಾಕಿದ. ಮನೆ ತುಂಬಿಹೋಯಿತು. ರೇಣುಕಪ್ರಸಾದ್ ಸ್ಟೇಡಿಯಮ್ಮಿನಲ್ಲೇ ಕೂತಹಾಗೆ ಹಿಗ್ಗಿದ. ಚಿಕ್ಕಹನುಮಯ್ಯ ತಲೆ ತೂಗಿ, “ಬಲೇ ಚೆನ್ನಾಗೈತೆ ಬುಡು” ಎಂದ.

ಸಿದ್ದಕ್ಕ ಮೊರ ಕೆಳಗಿಟ್ಟಳು.

“ಇವೆರಡೂ ಸುಮ್ನೆ ಅವರ ಮಾತ್ನೇ ತಿರುಗ ಹೇಳ್ತಾವಲ್ಲೋ” ಎಂದಳು, ಬಾಗಿಲ ಮೇಲಿನ ಸ್ಪೀಕರುಗಳ ಕಡೆ ಕೈ ತೋರಿಸಿ.

“ಅಂದ್ರೆ?” ಎಂದ ರೇಣುಕಪ್ರಸಾದ್.

“ಟೀವಿ ತಾವಿರೋ ಎಡಗಡೇದು ಏನಂತೈತೋ ಈ ಕಡೇದೂ ಅದನ್ನೇ ಅಂತೈತೆ. ಆ ಕಡೇದೂ ಅಂಗೇ. ಇವಕ್ಕೆ ಅಂತ ಸ್ವಂತ ಮಾತೇ ಇಲ್ಲ. ಇನ್ನೂ ಒಂದೈತೆ. ಟೀವಿ ತಾವಿರೋ ಬಲಗಡೇದು ಒಳಮುಕನಾಗಿ ಮಾತಾಡ್ತೈತೆ. ಮಿಕ್ಕವೆಲ್ಲ ಹೊರಮುಕ.”

ಜ್ಞಾನೇಶ್ ನಕ್ಕ. “ಅಜ್ಜಿ, ಐದ್ರಲ್ಲೂ ಸೌಂಡ್ ಬತ್ತೈತಲ್ಲ, ಅದೇ ಸರೌಂಡು.” ಸಹಿ ಹಾಕಿಸಿಕೊಂಡು ಬೈಕ್ ಹತ್ತಿದ.

ಅವನು ಹೋದ ಮೇಲೂ ಸಿದ್ದಕ್ಕ ಅದನ್ನೇ ಹೇಳಿದಾಗ ರೇಣುಕಪ್ರಸಾದನಿಗೆ ರೇಗಿತು. “ಇದು ತೆಂಗಿನಕಾಯಲ್ಲ ಕಣಮ್ಮ, ಎಲೆಕ್ಟ್ರಾನಿಕ್ಸು. ನಿಂಗೆಂಗೆ ಗೊತ್ತಾಯ್ತದೆ?”

ಅವಳು ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತಳು. ಮೂರು ದಿನ ಧಾರಾವಾಹಿಗೂ ಬರಲಿಲ್ಲ.

ಇದನ್ನು ಗಮನಿಸಿದವಳು ಸೊಸೆ ಶಿಲ್ಪ. ಅವಳು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾರಾದರೂ ಏನಾದರೂ ಹೇಳಿದರೆ ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಪರೀಕ್ಷೆ ಮಾಡಿ ನೋಡುವುದು ಅವಳ ಅಭ್ಯಾಸ. ಭಾನುವಾರ ಮಧ್ಯಾಹ್ನ ಗಂಡ ಡೇರಿಗೆ ಹೋದಾಗ, ಟೀವಿ ಕಡೆಯ ಮೂರೂ ಸ್ಪೀಕರುಗಳ ವೈರು ಕಿತ್ತಿಟ್ಟು ಹಿಂದಿನ ಎರಡನ್ನು ಮಾತ್ರ ಬಿಟ್ಟು ಕ್ರಿಕೆಟ್ ಹಾಕಿದಳು. ಕಾಮೆಂಟರಿ ಒಂದಕ್ಷರ ತಪ್ಪದೆ ಪೂರ್ತಿ ಕೇಳಿತು. ಕಿತ್ತ ವೈರುಗಳನ್ನು ಇದ್ದಹಾಗೆಯೇ ಸಿಕ್ಕಿಸಿ, ಹೋಮ್ ಥಿಯೇಟರಿನ ಪುಸ್ತಕ ತೆಗೆದು ಓದಿದಳು. ನಿಜವಾದ ಸರೌಂಡ್ ಬರುತ್ತಿದ್ದರೆ ಮಾತು ಬಹುಪಾಲು ಟೀವಿಯ ಕೆಳಗಿನ ಉದ್ದನೆ ಸ್ಪೀಕರಿನಲ್ಲೇ ಬರಬೇಕು. ಹಿಂದಿನವುಗಳಲ್ಲಿ ಸುತ್ತಲಿನ ಗದ್ದಲ, ಚಪ್ಪಾಳೆ, ಗಾಳಿ, ಮಳೆ ಇಂಥವು ಬರಬೇಕು ಎಂದಿತ್ತು. ಅವಳು ಹಿತ್ತಲಿಗೆ ಹೋಗಿ ಅತ್ತೆಯ ಪಕ್ಕ ಕೂತಳು.

“ನೀವು ಹೇಳಿದ್ದೇ ಸರಿ ಅತ್ತೆ. ಹಿಂದಿನವು ಮುಂದಿಂದನ್ನೇ ಹೇಳ್ತಿದ್ವು.”

“ಅದನ್ನೇ ತಾನೇ ನಾನೂ ಅಂದಿದ್ದು” ಎಂದಳು ಸಿದ್ದಕ್ಕ. ಮುಖ ಮಾತ್ರ ಸಡಿಲಾಯಿತು.

ಶಿಲ್ಪ ಫೋನು ಮಾಡಿದ್ದಕ್ಕೆ ಜ್ಞಾನೇಶ್ ಎರಡು ದಿನ ಬಿಟ್ಟು ಬಂದ. ಮುಖದಲ್ಲಿ ಬೇಸರವಿತ್ತು. ರೇಣುಕಪ್ರಸಾದನೂ ಮನೆಯಲ್ಲಿದ್ದ. ಶಿಲ್ಪ ಮೊದಲು ಟೀವಿಯ ಬಲಗಡೆಯ ಸ್ಪೀಕರ್ ಬಿಚ್ಚಿ ನೋಡಲು ಹೇಳಿದಳು. ಬಿಚ್ಚಿದರೆ ಕೆಂಪು ವೈರು ಕಪ್ಪಿನ ಜಾಗದಲ್ಲಿ, ಕಪ್ಪು ಕೆಂಪಿನ ಜಾಗದಲ್ಲಿ ಇತ್ತು. ಹಾಗಿದ್ದರೂ ಸದ್ದು ಬರುತ್ತದೆ. ಆದರೆ ಮಿಕ್ಕ ಸ್ಪೀಕರುಗಳು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇದು ಹಿಂದಕ್ಕೆ ಎಳೆಯುತ್ತದೆ. ಜ್ಞಾನೇಶ್ ಸಿದ್ದಕ್ಕನನ್ನು ಮೊದಲ ಸಲ ಸರಿಯಾಗಿ ನೋಡಿದ.

“ಅಜ್ಜಿ, ಒಳಮುಕ ಅಂದ್ರಲ್ಲ, ಇದ್ನೇನಾ?”

“ಹೆಸ್ರು ನಂಗೊತ್ತಿಲ್ಲ ಕಣಪ್ಪ. ಕೇಳಿದ್ನ ಹೇಳ್ದೆ.”

ಅವನಿಗೆ ಇನ್ನೂ ಅನುಮಾನ. ಆ ವೈರು ಸರಿಪಡಿಸಿ, ಅವಳನ್ನು ಟೀವಿಗೆ ಬೆನ್ನು ಮಾಡಿ ಕೂರಿಸಿ, ಒಮ್ಮೆ ಮುಂದಿನ ಎಡಗಡೆಯದರ ವೈರು ತಿರುಗಿಸಿ ಹಾಕಿದ, ಒಮ್ಮೆ ಎಲ್ಲವನ್ನೂ ಸರಿಯಾಗಿಯೇ ಬಿಟ್ಟ, ಒಮ್ಮೆ ಬಾಗಿಲ ಪಕ್ಕದ್ದನ್ನು ತಿರುಗಿಸಿದ. ಪ್ರತಿ ಸಲವೂ ಅವಳು ನಾಲ್ಕೈದು ಮಾತು ಕೇಳುವಷ್ಟರಲ್ಲಿ ಯಾವುದೆಂದು ಹೇಳಿದಳು. ಎಲ್ಲ ಸರಿಯಿದ್ದಾಗ, “ಈಗೇನೂ ಮಾಡಿಲ್ಲ ನೀನು, ಸುಮ್ನೆ ನನ್ನ ಪರೀಕ್ಸೆ ಮಾಡ್ತಿದ್ದೀಯ” ಎಂದಳು. ಜ್ಞಾನೇಶ್ ಸ್ಕ್ರೂಡ್ರೈವರ್ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟ.

“ಸರಿ. ಇನ್ನೊಂದು ಹೇಳಿದ್ರಲ್ಲ, ಸ್ವಂತ ಮಾತಿಲ್ಲ ಅಂತ. ಅದ್ನ ನೋಡನ.”

ಅವನು ಡಿಶ್ ಪೆಟ್ಟಿಗೆಯನ್ನು ತಿರುಗಿಸಿದ. ಅದರಿಂದ ಹೋಮ್ ಥಿಯೇಟರಿಗೆ ಅವನೇ ಹಾಕಿದ್ದ ಕೆಂಪು ಬಿಳಿ ಜೋಡಿ ವೈರಿತ್ತು. ಆ ವೈರಿನಲ್ಲಿ ಎಡದ್ದೊಂದು ಬಲದ್ದೊಂದು, ಎರಡೇ ಸದ್ದು ಹೋಗಲು ಸಾಧ್ಯ. ಪ್ರಸಾರದಲ್ಲಿ ಐದು ಬಂದರೂ ಅಲ್ಲಿಗೆ ಬಂದು ಎರಡಾಗಿಬಿಡುತ್ತಿತ್ತು. ಆ ಎರಡನ್ನೇ ಹೋಮ್ ಥಿಯೇಟರ್ ಐದು ಸ್ಪೀಕರಿಗೂ ಹಂಚುತ್ತಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಮುಚ್ಚಳವಿದ್ದ ಚೌಕದ ಸಣ್ಣ ತೂತೊಂದಿತ್ತು. ಮುಚ್ಚಳ ತೆಗೆದರೆ ಒಳಗೆ ಕೆಂಪು ಬೆಳಕು. ಅದು ಬೆಳಕಿನ ಮೂಲಕವೇ ಸದ್ದು ಕಳಿಸುವ ಆಪ್ಟಿಕಲ್ ವೈರಿನ ಜಾಗ. ಜ್ಞಾನೇಶ್ ಬ್ಯಾಗಿನಿಂದ ಅಂಥದ್ದೊಂದು ವೈರು ತೆಗೆದು ಹಾಕಿದ.

“ಈಗ?” ಎಂದ.

ಸಿದ್ದಕ್ಕ ಸ್ವಲ್ಪ ಹೊತ್ತು ಕೇಳಿದಳು. “ಸದ್ದು ತಿಳಿಯಾಯ್ತು. ಆದ್ರೂ ಇವು ಅವರ ಮಾತ್ನೇ ಹೇಳ್ತವೆ.”

ಈ ಸಲ ಯಾರೂ ಅವಳ ಮಾತನ್ನು ತಳ್ಳಲಿಲ್ಲ. ಶಿಲ್ಪ ಡಿಶ್ ರಿಮೋಟ್ ತಗೊಂಡು ಸೆಟ್ಟಿಂಗ್ ಒಳಗೆ ಹೊಕ್ಕಳು. ಭಾಷೆ, ಚಿತ್ರದ ಅಳತೆ ಎಲ್ಲ ದಾಟಿ ಆಡಿಯೋ ಎಂಬ ಕಡೆ ಬಂದರೆ ಅಲ್ಲಿ ಎರಡೇ ಸದ್ದಿನ ಸ್ಟೀರಿಯೋ ಎಂದಿತ್ತು. ಕಾರ್ಖಾನೆಯಿಂದಲೇ ಹಾಗೆ ಬಂದಿರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಅವಳು ಅದನ್ನು ಐದೂ ಸದ್ದು ಕಳಿಸುವ ಡಾಲ್ಬಿ ಡಿಜಿಟಲ್‌ಗೆ ಬದಲಿಸಿದಳು. ಆದರೂ ಹೋಮ್ ಥಿಯೇಟರಿನ ಪುಟ್ಟ ಪರದೆಯಲ್ಲಿ ಏನೂ ಬದಲಾಗಲಿಲ್ಲ. ಜ್ಞಾನೇಶನಿಗೆ ಹೊಳೆಯಿತು. “ಇದು ಮಾಮೂಲಿ ಚಾನೆಲ್ಲು. ಐದು ಕಳ್ಸೋದು ಎಚ್‌ಡಿಯವರು, ಅದ್ರಲ್ಲೂ ಕೆಲವ್ರೇ. ಎಚ್‌ಡಿ ಹಾಕ್ರೀ.”

ರೇಣುಕಪ್ರಸಾದ್ ಅದೇ ಪಂದ್ಯದ ಎಚ್‌ಡಿ ಚಾನೆಲ್ ಹಾಕಿದ. ಕ್ಷಣಕಾಲ ಸದ್ದು ನಿಂತಿತು. ಪುಟ್ಟ ಪರದೆಯಲ್ಲಿ ಡಾಲ್ಬಿ ಎಂಬ ಹೊಸ ಅಕ್ಷರಗಳು ಹೊತ್ತಿಕೊಂಡವು. ಆಮೇಲೆ ಕಾಮೆಂಟರಿಯವರ ದನಿ ಸರ್ರನೆ ಹಿಂದೆ ಸರಿದು ಟೀವಿಯ ಕೆಳಗೆ ಹೋಗಿ ಕೂತಿತು. ಬಾಗಿಲ ಎರಡೂ ಪಕ್ಕದಿಂದ ಸ್ಟೇಡಿಯಮ್ಮಿನ ಜನ ಎದ್ದುಬಂದರು. ಎಲ್ಲೋ ಮೇಲಿನ ಸಾಲಿನಲ್ಲಿ ಯಾರೋ ಡೋಲು ಬಾರಿಸುತ್ತಿದ್ದರು. ಇನ್ನೊಂದು ಕಡೆ ಒಬ್ಬ ಶಿಳ್ಳೆ ಹಾಕಿದ. ಬ್ಯಾಟಿಗೆ ಚೆಂಡು ತಗಲಿದ ಸದ್ದು ಟೀವಿಯ ಕಡೆ, ಅದಕ್ಕೆ ಹೋ ಎಂದ ಜನ ಈ ಕಡೆ.

ಸಿದ್ದಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಎಲ್ಲರೂ ಪಂದ್ಯ ಬಿಟ್ಟು ಅವಳನ್ನೇ ನೋಡುತ್ತಿದ್ದರು.

“ಈಗ ಇವಕ್ಕೂ ಮಾತು ಬಂತು” ಎಂದಳು. “ಡೋಲಿನೋನು ಆ ಮೂಲೇಲವ್ನೆ. ಶಿಳ್ಳೆಯೋನು ಇಲ್ಲಿ, ನನ್ನ ತಾವ್ಲೇ.”

ರೇಣುಕಪ್ರಸಾದ್ ತಾಯಿಯ ಪಕ್ಕ ಬಂದು, ಅವಳಂತೆಯೇ ಟೀವಿಗೆ ಬೆನ್ನು ಹಾಕಿ ಕೂತ. “ಅವತ್ತು ಅಂಗಂದಿದ್ದು ತಪ್ಪಾಯ್ತು ಕಣಮ್ಮ” ಎಂದ. ಅವಳು ಅವನ ತೊಡೆ ತಟ್ಟಿ, “ಕೇಳ್ಲಾ ಸುಮ್ನೆ” ಎಂದಳು.

ಜ್ಞಾನೇಶ್ ಇದನ್ನು ಅಲ್ಲಿಗೇ ಬಿಡಲಿಲ್ಲ. ತಾನು ಅಲ್ಲಿಯವರೆಗೆ ಜೋಡಿಸಿದ ಮನೆಗಳನ್ನೆಲ್ಲ ನೆನೆಸಿಕೊಂಡು, ಕೆಂಪು ಬಿಳಿ ವೈರು ಹಾಕಿದ್ದ ಒಂಬತ್ತು ಮನೆಗೆ ತಾನಾಗಿಯೇ ಹೋಗಿ ಸರಿ ಮಾಡಿ ಬಂದ. ಒಂದೂವರೆ ತಿಂಗಳ ನಂತರ ಒಂದು ಬೆಳಿಗ್ಗೆ ಅಂಗಡಿಯ ಕಾರಿನಲ್ಲಿ ಶೆಟ್ಟಿಕೆರೆಗೆ ಬಂದು, ಸಿದ್ದಕ್ಕನ ಮುಂದೆ ನಿಂತ.

“ಅಮ್ಮಸಂದ್ರದಾಗೆ ಒಬ್ರ ಮನೆ. ಬೆಳಕಿನ ವೈರೂ ಹಾಕೀನಿ, ಸೆಟ್ಟಿಂಗೂ ಸರಿಯೈತೆ, ಅಕ್ಷರಾನೂ ಬತ್ತೈತೆ. ಆದ್ರೂ ಆ ಯಜಮಾನ್ರು ಏನೋ ಸರಿಯಿಲ್ಲ ಅಂತಾರೆ. ನಂಗೆ ಹತ್ತಲಿಲ್ಲ. ಒಂದ್ಗಳಿಗೆ ಬತ್ತೀರಾ?”

ಅಜ್ಜಿ ಎನ್ನುವುದನ್ನು ಅವನು ಬಿಟ್ಟಿದ್ದ. ಸಿದ್ದಕ್ಕ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಮುಂದಾಳಾಗಿ ಊರೂರಿಗೆ ಹೊರಡುತ್ತಿದ್ದಾಗಿನ ನಡಿಗೆ ಅವಳಿಗೆ ತಂತಾನೇ ಬಂದಿತ್ತು.

ಅಮ್ಮಸಂದ್ರದ ಯಜಮಾನರು ರಂಗನಾಥ ಎಂಬುವರು, ಸಿಮೆಂಟ್ ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ನಿವೃತ್ತರಾದವರು. ಜ್ಞಾನೇಶ್ ಕರೆತಂದ ಪರಿಣತರು ಇವರೇ ಎಂದು ತಿಳಿದಾಗ ಅವರು ಕುರ್ಚಿ ಮಾತ್ರ ತೋರಿಸಿದರು. ಸಿದ್ದಕ್ಕ ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದುಕೊಂಡು ಟೀವಿಗೆ ಬೆನ್ನು ಮಾಡಿ ಕೂತಾಗ ಅವರ ಹುಬ್ಬು ಮೇಲೇರಿತು. ಕಾರು ರೇಸಿನ ಪ್ರಸಾರ ನಡೆಯುತ್ತಿತ್ತು. ಒಂದು ಕಾರು ಭೋರ್ ಎಂದು ಬಂದು ದಾಟಿ ಹೋಯಿತು. ಇನ್ನೊಂದು ಬಂತು. ಮೂರನೆಯದು ಹೋದ ಮೇಲೆ ಸಿದ್ದಕ್ಕ ಕೈ ಎತ್ತಿದಳು.

“ಕಾರು ಬರೋದು ಈ ಮಗ್ಗುಲಿಂದ. ಬಂದಿದ್ದು ಇದೇ ಮಗ್ಗುಲಾಗೆ ಮುಂದಕ್ಕೋಗ್ಬೇಕು. ಇದು ನನ್ನ ನೆತ್ತಿ ಮೇಲಾಸಿ ಅಡ್ಡಡ್ಡ ಆ ಮೂಲೆಗೆ ಹೋಗ್ತೈತೆ. ರಸ್ತೆ ಅಂಗಿರಲ್ಲ. ಇವೆರಡು ಅದಲು ಬದಲಾಗವೆ.”

ಜ್ಞಾನೇಶ್ ಹಿಂದಿನ ಎರಡು ಸ್ಪೀಕರುಗಳ ವೈರನ್ನು ಹೋಮ್ ಥಿಯೇಟರಿನ ಹಿಂಬದಿಯಲ್ಲಿ ಅದಲು ಬದಲು ಮಾಡಿದ. ಮುಂದಿನ ಕಾರು ಎಡಗೋಡೆಯ ಉದ್ದಕ್ಕೂ ನೇರ ಓಡಿ ಹೋಯಿತು. ರಂಗನಾಥ ಅವರು ಕೂತಲ್ಲೇ ಕತ್ತು ತಿರುಗಿಸಿ ಅದನ್ನು ಹಿಂಬಾಲಿಸಿದರು.

“ಎರಡು ವಾರದಿಂದ ನನ್ನ ಕಿವಿ ಕೆಟ್ಟಿದೆ ಅಂತಿದ್ರು ಮನೇಲಿ” ಎಂದರು. ಆಮೇಲೆ ಎದ್ದು ನಿಂತು, “ಎಲ್ಲಿ ಕಲಿತ್ರಮ್ಮ ಈ ಕೆಲಸ?” ಎಂದು ಕೇಳಿದರು.

ಸಿದ್ದಕ್ಕನಿಗಿಂತ ಮೊದಲೇ ಜ್ಞಾನೇಶ್ ಹೇಳಿದ: “ಕಲ್ಸೋಕೆ ಬರಲ್ಲ ಸಾರ್ ಇದು. ನಮ್ಮ ಕಡೆ ಇವರೊಬ್ರೇ.”

ಆ ಮನೆಯ ಕಾಫಿ ಕುಡಿದು, ಅವಳು ಜ್ಞಾನೇಶನ ಜೊತೆ ಕಾರು ಹತ್ತಿದಳು. ತುರುವೇಕೆರೆಯಲ್ಲಿ ಇನ್ನೊಂದು ಮನೆ ಇದೆ, ಇಲ್ಲಿಂದ ಹತ್ತಿರವೇ, ನೋಡಿಕೊಂಡು ಹೋಗೋಣವೇ ಎಂದು ಅವನು ಕೇಳಿದ. ಮನೆಯಲ್ಲಿ ಕಾಯುತ್ತಿರುತ್ತಾರೆ ಎಂದು ಒಂದು ಕ್ಷಣ ಯೋಚಿಸಿದಳು. ಅವನ ಫೋನು ಇಸಕೊಂಡು ಮಗನಿಗೆ ಮಾಡಿದಳು.

“ನಂಗೆ ಕೆಲ್ಸೈತೆ ಕಣಪ್ಪ. ಸಂಜೆಗೆ ಬತ್ತೀನಿ. ಮುದ್ದೆಗೆ ನೀವೇ ಎಸರಿಡ್ರಿ” ಎಂದು ಹೇಳಿ ಫೋನು ವಾಪಸು ಕೊಟ್ಟು, ಕಿಟಕಿಯ ಗಾಜು ಇಳಿಸಿ ನೆಟ್ಟಗೆ ಕೂತಳು.